ಅಕ್ಕಿಗೂ ಮಿತಿಯಿಟ್ಟವರ ನಾಡಿನಲ್ಲಿ ಜಾತ್ರೆಯ ಮದ್ಯಕ್ಕೆ ಮಿತಿ ಬೇಡವೆ?

ಶರಣಸಂಕುಲದಲ್ಲಿ ಮಾರಯ್ಯನೆಂಬ ಹೆಸರು ಒಬ್ಬರದಲ್ಲ. ಅವರಲ್ಲಿ ಇಬ್ಬರ ಸ್ಮರಣೆ ಪ್ರಸ್ತುತ ವಿಚಾರಕ್ಕೆ ಅವಶ್ಯವಾಗಿದೆ. ಒಬ್ಬನು ಆಯ್ದಕ್ಕಿ ಮಾರಯ್ಯ, ಇನ್ನೊಬ್ಬನು ಹೆಂಡದ ಮಾರಯ್ಯ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಮೊದಲನೆಯವನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಸತಿ ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಬೇಕೆಂದಳು. ಹಸಿವನ್ನು ನೀಗುವ ಅಕ್ಕಿಗೂ ಒಂದು ಮಿತಿಯುಂಟೆಂಬುದು ಆ ತಾಯಿಯ ನಿಲುವು. ಎರಡನೆಯವನು ಹೆಂಡ ಮಾರುವ ಕಾಯಕದಿಂದ ಬಂದು 'ಧರ್ಮೇಶ್ವರಲಿಂಗ' ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದವನು. ಕುಡಿಯಲು ಬಂದವರಿಗೆ ಆತನು ಕುಡಿತದ ಕೇಡನ್ನು ತಿಳಿಯಹೇಳುತ್ತಿದ್ದನೆಂಬುದು ಪರಂಪರೆಯ ಮಾತು. ಶರಣರು ಆತನನ್ನು ದೂರವಿಡಲಿಲ್ಲ, ಜೊತೆಯಲ್ಲಿ ಕೂರಿಸಿಕೊಂಡರು. ಈ ಎರಡು ನಿದರ್ಶನಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ದಾರಿ ಕಾಣುತ್ತದೆ: ಕುಡಿಯುವವನ ಮೇಲೆ ದ್ವೇಷ ಸಲ್ಲದು, ಕುಡಿತಕ್ಕೆ ಮಿತಿಯಿಡುವಲ್ಲಿ ಸಂಕೋಚವೂ ಸಲ್ಲದು.

ಈ ಮಾತು ಇಂದು ಅತ್ಯಂತ ಪ್ರಸ್ತುತವಾಗಿರುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಸೀಮೆಯ ಜಾತ್ರೆಗಳ ವಿಷಯದಲ್ಲಿ. 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳಿಗೆ ಮಾಘಮಾಸವೆಂದರೆ ಜಾತ್ರೆಯ ಮಾಸ. ಭರತ ಹುಣ್ಣಿಮೆಯ ಆಸುಪಾಸಿನಲ್ಲಿ ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ. ಅದರ ಬೆನ್ನಿಗೆ ಮೂಲಾ ನಕ್ಷತ್ರದಂದು ಕೊಟ್ಟೂರಿನ ಗುರುಬಸವೇಶ್ವರನ ರಥೋತ್ಸವ. ಶಿವರಾತ್ರಿಯ ಸುಮಾರಿಗೆ ತುಂಗಭದ್ರೆಯ ದಂಡೆಯ ಕುರುವತ್ತಿಯ ಬಸವೇಶ್ವರನ ಜಾತ್ರೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಅಮ್ಮನ ಜಾತ್ರೆಯೂ ಸಣ್ಣದಲ್ಲ. ದಾವಣಗೆರೆಯ ಕಡೆಯಿಂದ ಹರಪನಹಳ್ಳಿ ಸೀಮೆಯನ್ನು ಹಾದು ಸಾವಿರಾರು ಜನ ಪಾದಯಾತ್ರೆಯಲ್ಲಿ ಕೊಟ್ಟೂರಿಗೆ ನಡೆಯುತ್ತಾರೆ. ಹೊಸಪೇಟೆಯ ಕಡೆಯವರು ಹಗರಿಬೊಮ್ಮನಹಳ್ಳಿಯ ಮೇಲೆ ಬರುತ್ತಾರೆ. ದಾರಿಯುದ್ದಕ್ಕೂ ಹಳ್ಳಿಗರು ಮಜ್ಜಿಗೆ, ಅನ್ನ, ನೀರು ಹಿಡಿದು ನಿಲ್ಲುತ್ತಾರೆ.

ಈ ಜಾತ್ರೆಗಳು ಕೇವಲ ದೇವರ ಉತ್ಸವಗಳಲ್ಲ. ಈ ಸೀಮೆಯ ಕುಟುಂಬಗಳಿಗೆ ವರ್ಷಕ್ಕೊಮ್ಮೆ ದೊರಕುವ ವಿಹಾರವೂ ಹೌದು. ಮಳೆ ಕೈಕೊಟ್ಟಾಗ ಗುಳೆ ಹೋಗುವ ಮನೆಗಳು ಇಲ್ಲಿ ಅನೇಕ. ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಮಲೆನಾಡಿನ ಕಾಫಿ ತೋಟಕ್ಕೋ ಹೋದವರು ಜಾತ್ರೆಗೆಂದು ಊರಿಗೆ ಮರಳುತ್ತಾರೆ. ಟ್ರ್ಯಾಕ್ಟರಿನಲ್ಲಿ ಅಜ್ಜಿಯಿಂದ ಮೊಮ್ಮಗುವಿನವರೆಗೆ ಮನೆಮಂದಿಯೆಲ್ಲ ಕುಳಿತು ಬರುತ್ತಾರೆ. ಮಕ್ಕಳಿಗೆ ತಿರುಗುವ ತೊಟ್ಟಿಲು, ಬೆಂಡು ಬತ್ತಾಸು; ಹೆಣ್ಣುಮಕ್ಕಳಿಗೆ ಬಳೆಯಂಗಡಿ; ರಾತ್ರಿ ಎಲ್ಲರಿಗೂ ಮಿರ್ಚಿ ಮಂಡಕ್ಕಿ ಮತ್ತು ನಾಟಕ. ಪಟ್ಟಣದ ಮಕ್ಕಳಿಗೆ ಮನರಂಜನಾ ಉದ್ಯಾನವನ ಏನೋ, ಕೂಡ್ಲಿಗಿಯ ಹಳ್ಳಿಯ ಮಗುವಿಗೆ ಕೊಟ್ಟೂರ ಜಾತ್ರೆ ಅದೇ ಆಗಿದೆ.

ಆ ಉದ್ಯಾನವನದವರು ಏನು ಮಾಡಿದ್ದಾರೆಂಬುದನ್ನು ಇಲ್ಲಿ ಗಮನಿಸಬೇಕು. 2005ರಲ್ಲಿ ಬಿಡದಿಯ ಬಳಿ ಆರಂಭವಾದ ವಂಡರ್‌ಲಾ ಉದ್ಯಾನದೊಳಕ್ಕೆ ಮದ್ಯ ಒಯ್ಯುವಂತಿಲ್ಲ. ಕುಡಿದು ಬಂದವರಿಗೆ ಪ್ರವೇಶವಿಲ್ಲ. ಅಮೆರಿಕದಲ್ಲಿ ವಾಲ್ಟ್ ಡಿಸ್ನಿಯು 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಅಲ್ಲಿ ಸಾರ್ವಜನಿಕರಿಗೆ ಮದ್ಯವನ್ನು ಮಾರುತ್ತಿರಲಿಲ್ಲ. ಫ್ಲಾರಿಡಾದ ಮ್ಯಾಜಿಕ್ ಕಿಂಗ್ಡಮ್ 1971ರಿಂದ 2012ರವರೆಗೆ ನಾಲ್ಕು ದಶಕಗಳ ಕಾಲ ಹಾಗೆಯೇ ನಡೆಯಿತು. 2012ರಲ್ಲಿಯೂ ಮೊದಲಿಗೆ ಒಂದೇ ಭೋಜನಶಾಲೆಯಲ್ಲಿ, ರಾತ್ರಿಯೂಟದ ಜೊತೆಗೆ ಮಾತ್ರ ದ್ರಾಕ್ಷಾರಸ ಮತ್ತು ಬಿಯರಿಗೆ ಅವಕಾಶ ದೊರೆಯಿತು. ಊಟದ ಜೊತೆ ದ್ರಾಕ್ಷಾರಸ ಕುಡಿಯುವ ಫ್ರಾನ್ಸಿನಲ್ಲಿ 1992ರಲ್ಲಿ ತೆರೆದ ಉದ್ಯಾನವು ಮರುವರ್ಷವೇ ನಿಯಮ ಸಡಿಲಿಸಿತು. ಕ್ಯಾಲಿಫೋರ್ನಿಯಾದ ಮೂಲ ಉದ್ಯಾನವೂ 2019ರಲ್ಲಿ ಒಂದು ಪಾನಗೃಹವನ್ನು ಸಾರ್ವಜನಿಕರಿಗೆ ತೆರೆಯಿತು. ಅಂದರೆ ಕಟ್ಟು ಕ್ರಮೇಣ ಸಡಿಲಗೊಂಡಿರುವುದು ನಿಜ. ಆದರೆ ಸಡಿಲವಾದ ಮೇಲೂ ಎಲ್ಲಿ, ಯಾವಾಗ, ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಅವರು ಕೈಬಿಟ್ಟಿಲ್ಲ. ಲಾಭಕ್ಕಾಗಿಯೇ ಇರುವ ವ್ಯಾಪಾರಿಗೆ ತಿಳಿದ ಮಾತು ಇದು: ತಾಯಿ ಅಂಜದೆ ಮಗುವಿನ ಕೈಹಿಡಿದು ಬರುವಂತಿದ್ದರೆ ಮಾತ್ರ ಆ ಜಾಗ ಕುಟುಂಬದ ಜಾಗವಾಗುತ್ತದೆ. ಟಿಕೆಟ್ ಪಡೆದು ಒಳಬಿಡುವವರಿಗೆ ಹೊಳೆದ ಈ ಸತ್ಯವು ಭಕ್ತಿಯ ಹೆಸರಿನಲ್ಲಿ ಲಕ್ಷಾಂತರ ಜನರನ್ನು ಕರೆಯುವವರಿಗೆ ಹೊಳೆಯದಿದ್ದರೆ ಅದು ನಾಚಿಕೆಯ ಸಂಗತಿಯಲ್ಲವೆ?

ಜಾತ್ರೆಗೂ ಕಾನೂನಿನ ಕಟ್ಟು ಇಲ್ಲದಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಬಲದಿಂದ ಜಿಲ್ಲಾಡಳಿತವು ಶಾಂತಿಪಾಲನೆಗಾಗಿ ಮದ್ಯದಂಗಡಿಗಳನ್ನು ಮುಚ್ಚಿಸಬಹುದು. ದೇವಾಲಯ ಮತ್ತು ಶಾಲೆಗಳಿಂದ 100 ಮೀಟರ್ ಒಳಗೆ ಅಂಗಡಿಗೆ ಸನ್ನದು ಕೊಡಬಾರದೆಂದು 1967ರ ಅಬಕಾರಿ ನಿಯಮಗಳು ಹೇಳುತ್ತವೆ. ಆದರೆ ಈ ಕಟ್ಟು ಜಾತ್ರೆಯ ಸ್ವರೂಪಕ್ಕೆ ಸಾಲದು. 100 ಮೀಟರಿನ ಅಳತೆ ಗುಡಿಯಿಂದ ಹೊರಡುತ್ತದೆ. ಜಾತ್ರೆಯಾದರೋ ಗುಡಿಯನ್ನು ದಾಟಿ ಊರನ್ನೆಲ್ಲ ತುಂಬಿ, ಹೊರವಲಯದ ಹೊಲಗಳಲ್ಲಿ ಬಿಡಾರ ಹೂಡಿರುತ್ತದೆ. ಆ ದಿನಗಳಲ್ಲಿ ಕೊನೆಯ ಬಿಡಾರದವರೆಗಿನ ನೆಲವೆಲ್ಲ ಗುಡಿಯ ಅಂಗಳವೇ. ತೇರಿನ ದಿನಕ್ಕೆ ಮಾತ್ರ ಬಾಗಿಲು ಮುಚ್ಚಿಸಿದರೆ ಹಿಂದಿನ ದಿನವೇ ಸರಕು ಕೊಂಡಿಟ್ಟುಕೊಳ್ಳುವುದು ಯಾರಿಗೂ ಕಷ್ಟವಲ್ಲ. ಸನ್ನದು ಪಡೆದ ಅಂಗಡಿಯ ಬಾಗಿಲಿಗೆ ಬೀಗ ಬಿದ್ದಾಗ, ಸನ್ನದಿಲ್ಲದೆ ಕಿರಾಣಿ ಅಂಗಡಿಯ ಮರೆಯಲ್ಲಿ ನಡೆಯುವ ಮಾರಾಟಕ್ಕೆ ಅದೇ ಸುಗ್ಗಿಯಾಗುತ್ತದೆ. ದಿನಾಂಕಕ್ಕೆ ಕಟ್ಟಿದ ಮಿತಿ ಹೀಗೆ ಸೋರಿಹೋಗುತ್ತದೆ. ಸ್ಥಳಕ್ಕೆ ಕಟ್ಟಿದ ಮಿತಿ ಮಾತ್ರ ನಿಲ್ಲಬಲ್ಲುದು.

ಸ್ಥಳದ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. 2016ರ ಜೂನ್ ತಿಂಗಳಲ್ಲಿ ಕೂಡ್ಲಿಗಿಯ ಡಿವೈಎಸ್‌ಪಿ ಆಗಿದ್ದ ಅನುಪಮಾ ಶೆಣೈ ಅವರು ರಾಜೀನಾಮೆ ನೀಡಿದಾಗ ನಾಡಿನಾದ್ಯಂತ ಸುದ್ದಿಯಾಯಿತು. ಆ ಪ್ರಕರಣದ ಬುಡದಲ್ಲಿದ್ದುದು ಅಂಬೇಡ್ಕರ್ ಭವನದ ದಾರಿ ಮತ್ತು ಅದರ ಪಕ್ಕದ ಮದ್ಯದಂಗಡಿಯ ವಿವಾದ. ಅದರ ರಾಜಕೀಯವನ್ನು ಬದಿಗಿಟ್ಟರೂ ಒಂದು ಮಾತು ಉಳಿಯುತ್ತದೆ: ಜನ ಕೂಡುವ ಜಾಗದ ಪಕ್ಕದಲ್ಲಿ ಮದ್ಯದಂಗಡಿ ಎಷ್ಟು ದೂರವಿರಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ.

ಇದಕ್ಕೆ ಎದುರಾಡುವವರ ವಾದಗಳನ್ನೂ ಪರಿಶೀಲಿಸಬೇಕು. ಮೊದಲನೆಯದು ಬೊಕ್ಕಸದ ವಾದ. 2025–26ರ ರಾಜ್ಯ ಮುಂಗಡಪತ್ರವು ಅಬಕಾರಿಯಿಂದ 40,000 ಕೋಟಿ ರೂಪಾಯಿಗಳ ಗುರಿ ಇಟ್ಟಿತ್ತು. ಇಷ್ಟು ದೊಡ್ಡ ಬೊಕ್ಕಸಕ್ಕೆ ಐದು ತಾಲ್ಲೂಕುಗಳ ಕೆಲವು ಜಾತ್ರೆಗಳ ಕೆಲವೇ ದಿನಗಳ ಮಾರಾಟ ನಿಂತರೆ ಆಗುವ ಕೊರತೆ ಎಷ್ಟು? ಅದೇ ಹಣ ಗುಳೆ ಹೋಗಿ ಬಂದವನ ಜೇಬಿನಲ್ಲಿ ಉಳಿದರೆ ಬಳೆಯಂಗಡಿಗೆ, ಮಿಠಾಯಿಯಂಗಡಿಗೆ, ಮಗಳ ಶಾಲೆಯ ಚೀಲಕ್ಕೆ ಸಂದೀತು. ಬೊಕ್ಕಸ ಕಳೆದುಕೊಳ್ಳುವುದು ಹನಿ. ಮನೆ ಉಳಿಸಿಕೊಳ್ಳುವುದು ಕೊಡ.

ಎರಡನೆಯದು, ನಿಷೇಧಿಸಿದರೆ ಕಳ್ಳಭಟ್ಟಿ ಬರುತ್ತದೆಂಬ ವಾದ. ಇದರಲ್ಲಿ ಸತ್ಯವಿದೆ. ಮದರಾಸು ಪ್ರಾಂತ್ಯದಲ್ಲಿ 1937ರಲ್ಲಿ ಸೇಲಂ ಜಿಲ್ಲೆಯಿಂದ ಆರಂಭವಾದ ಪಾನನಿಷೇಧವು 1948ರ ಹೊತ್ತಿಗೆ ಇಡೀ ಪ್ರಾಂತ್ಯವನ್ನು ವ್ಯಾಪಿಸಿತು. ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ಸೀಮೆಯೂ ಅದರೊಳಗಿತ್ತು. 1953ರಲ್ಲಿ ಇದು ಮೈಸೂರಿಗೆ ಸೇರಿತು. 1967ರಲ್ಲಿ ಮೈಸೂರು ರಾಜ್ಯ ಪಾನನಿಷೇಧವನ್ನು ತೆಗೆದುಹಾಕಿತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಮರುವರ್ಷದ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ವಿಷಮದ್ಯ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಆದುದರಿಂದಲೇ ಇಲ್ಲಿ ಬೇಡುತ್ತಿರುವುದು ಸರ್ವನಿಷೇಧವನ್ನಲ್ಲ, ಮಿತಿಯನ್ನು. ವರ್ಷವಿಡೀ ಎಲ್ಲೆಡೆ ಕುಡಿಯಬೇಡವೆಂದರೆ ಕಳ್ಳದಾರಿ ತೆರೆದೀತು. ಮಕ್ಕಳು ಓಡಾಡುವ ಈ ನೆಲದಲ್ಲಿ, ಈ ಐದಾರು ದಿನ ಬೇಡವೆಂದರೆ ಅದನ್ನು ಯಾವ ಸಭ್ಯನೂ ಹೊರೆಯೆಂದು ಬಗೆಯಲಾರ.

ಮೂರನೆಯದು ಸ್ವಾತಂತ್ರ್ಯದ ವಾದ. ದುಡಿದವನು ತನ್ನ ಹಣದಲ್ಲಿ ಕುಡಿದರೆ ಅನ್ಯರಿಗೇನು ಎನ್ನುತ್ತಾರೆ. ಮನೆಯೊಳಗಿನ ಮಾತು ಬೇರೆ. ಜಾತ್ರೆಯ ನೂಕುನುಗ್ಗಲಿನ ಮಾತು ಬೇರೆ. 2017ರ ಫೆಬ್ರವರಿ 21ರಂದು ಕೊಟ್ಟೂರಿನ ತೇರು ಅಚ್ಚು ಮುರಿದು ಉರುಳಿಬಿತ್ತು, ಕೆಲವರು ಗಾಯಗೊಂಡರು. ಅದಕ್ಕೆ ಕುಡಿತ ಕಾರಣವಾಗಿರಲಿಲ್ಲ. ಆದರೆ ಅಂತಹ ಗಳಿಗೆಯಲ್ಲಿ ಮಿಣಿ ಬಿಟ್ಟು ಹಿಂದೆ ಸರಿಯಲು, ಬಿದ್ದ ಮಗುವನ್ನು ಎತ್ತಲು, ಮುದುಕಿಗೆ ದಾರಿ ಬಿಡಲು ಪ್ರತಿಯೊಬ್ಬನಿಗೂ ಎಚ್ಚರದ ಬುದ್ಧಿ ಬೇಕು. ಮೈಲಾರ, ಕುರುವತ್ತಿಗಳಲ್ಲಿ ಹೊಳೆಗಿಳಿದು ಮೀಯುವವನಿಗೂ, ಮನೆಮಂದಿಯನ್ನು ಹೇರಿಕೊಂಡು ರಾತ್ರಿ ಟ್ರ್ಯಾಕ್ಟರ್ ನಡೆಸುವವನಿಗೂ ಅದೇ ಮಾತು ಸಲ್ಲುತ್ತದೆ. ಒಬ್ಬನ ಅಮಲಿನ ಬೆಲೆಯನ್ನು ಪಕ್ಕದಲ್ಲಿರುವವನು ತೆರಬೇಕಾದಲ್ಲಿ ಅದು ಅವನೊಬ್ಬನ ಸ್ವಾತಂತ್ರ್ಯವಾಗಿ ಉಳಿಯುವುದಿಲ್ಲ.

ನಾಲ್ಕನೆಯದು, ಕೆಲವು ಗ್ರಾಮದೇವತೆಗಳಿಗೆ ಹೆಂಡದ ಎಡೆಯುಂಟಲ್ಲ ಎಂಬ ಪ್ರಶ್ನೆ. ಬಡವರ ನಂಬುಗೆಯನ್ನು ಹೀಗಳೆಯುವುದು ಶರಣರ ದಾರಿಯಲ್ಲ. ಆದರೆ ದೇವರ ಮುಂದಿಡುವ ಒಂದು ಕುಡಿಕೆಗೂ ಬೀದಿಯಲ್ಲಿ ಸಾಲುಗಟ್ಟಿ ಮಾರುವ ಪೆಟ್ಟಿಗೆಗಳಿಗೂ ಸಂಬಂಧವಿಲ್ಲ. ಎಡೆಗೆ ತನ್ನದೇ ಅಳತೆಯುಂಟು. ಮಾರಾಟಕ್ಕೆ ಅಂತಹ ಅಳತೆಯಿಲ್ಲ. ಅಮ್ಮನ ಹೆಸರಿನಲ್ಲಿ ವ್ಯಾಪಾರ ನಡೆಸುವುದು ಭಕ್ತಿಯ ಸೋಗು ಮಾತ್ರ.

ಹಾಗಾದರೆ ಆಗಬೇಕಾದುದೇನು? ಧ್ವಜಾರೋಹಣದಿಂದ ಜಾತ್ರೆಯ ಕೊನೆಯ ದಿನದವರೆಗೆ ನಿರ್ಬಂಧವಿರಬೇಕು. ತೇರಿನ ಒಂದು ದಿನಕ್ಕೆ ಅದು ಮುಗಿಯಬಾರದು. ಗುಡಿಯ ಗೋಡೆಯಿಂದಲ್ಲ, ಬಿಡಾರಗಳ ಕೊನೆಯಂಚಿನಿಂದ ದೂರವನ್ನು ಅಳೆಯಬೇಕು. ಪಾದಯಾತ್ರೆಯ ದಾರಿಯ ಡಾಬಾಗಳೂ ಅದರೊಳಗೆ ಬರಬೇಕು. ಜಾತ್ರೆಯಲ್ಲಿ ಅಂಗಡಿ ಹಾಕುವವರಿಗೆ ಜಾಗ ಕೊಡುವಾಗಲೇ, ಮದ್ಯ ಮಾರಿದಲ್ಲಿ ಆ ದಿನವೇ ಅಂಗಡಿ ಎತ್ತಿಸಲಾಗುವುದೆಂಬ ಷರತ್ತನ್ನು ಬರೆಯಿಸಿಕೊಳ್ಳಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ. ಸ್ಥಳೀಯ ಪಂಚಾಯಿತಿ ಮತ್ತು ಧಾರ್ಮಿಕ ದತ್ತಿ ಇಲಾಖೆಯ ಕೈಯಲ್ಲಿಯೇ ಆ ಕೀಲಿಯಿದೆ. ಸನ್ನದಿಲ್ಲದ ಮಾರಾಟದ ಬಗ್ಗೆ ದೂರು ಕೊಡುವ ಹೆಣ್ಣುಮಕ್ಕಳ ಹೆಸರು ಹೊರಬೀಳದಂತೆ ಜಾತ್ರೆಯಲ್ಲಿಯೇ ಒಂದು ಠಾವು ಇರಬೇಕು. 2019ರ ಜನವರಿಯಲ್ಲಿ ಮದ್ಯನಿಷೇಧ ಕೋರಿ ಸಾವಿರಾರು ಹಳ್ಳಿಯ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಹೋದರು. ಕೂಡ್ಲಿಗಿಗೆ ಚಿತ್ರದುರ್ಗ ನೆರೆಯ ಸೀಮೆ. ಆ ಕಾಲುಗಳ ನೋವನ್ನು ಇಲ್ಲಿಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇಷ್ಟಕ್ಕೂ ಮಿಗಿಲಾದ ಹೊಣೆ ಭಕ್ತರದು, ಮಠಗಳದು, ಜಾತ್ರಾ ಸಮಿತಿಗಳದು. ಅಧಿಕಾರಿಗಳನ್ನು ದೂರುವ ಮುನ್ನ ಒಂದು ಪ್ರಶ್ನೆಯನ್ನು ಸಮಿತಿಗಳು ತಮಗೆ ತಾವೇ ಕೇಳಿಕೊಳ್ಳಲಿ: ಸ್ವಾಗತ ಕಮಾನಿಗೆ, ದಾಸೋಹದ ಕೊಪ್ಪರಿಗೆಗೆ ಬಂದ ದೇಣಿಗೆ ಯಾವ ಗಳಿಕೆಯದು? ಕಳ್ಳಮಾರಾಟದ ಹಣ ದಾಸೋಹದ ಒಲೆಯನ್ನು ಉರಿಸಿದರೆ, ಅದೇ ಒಲೆಯ ಮುಂದೆ ನಿಂತು ಕುಡಿತದ ಕೇಡನ್ನು ಬೋಧಿಸುವ ನಾಲಗೆಗೆ ಬೆಲೆಯೆಲ್ಲಿಯದು? ಕಾಯಕ ಸತ್ಯಶುದ್ಧವಾಗಿರದಿದ್ದರೆ ದಾಸೋಹವೂ ಶುದ್ಧವಲ್ಲವೆಂಬುದು ಶರಣಧರ್ಮದ ಅಡಿಗಲ್ಲು. ಹೆಂಡದ ಮಾರಯ್ಯ ತನ್ನ ಕಾಯಕದ ಬಾಗಿಲಲ್ಲಿಯೇ ನಿಂತು ಎಚ್ಚರ ಹೇಳಿದನು. ಜಾತ್ರಾ ಸಮಿತಿಗಳು ತಮ್ಮ ಬಾಗಿಲಲ್ಲಿ ನಿಂತು ಅಷ್ಟನ್ನಾದರೂ ಹೇಳಬೇಡವೆ?

ಜನ ಕೇಳುವುದಿಲ್ಲವೆಂದು ನಿರಾಶರಾಗುವವರು ಮೈಲಾರದ ಕಾರ್ಣಿಕದ ಗಳಿಗೆಯನ್ನು ನೆನೆಯಬೇಕು. ಉಪವಾಸವ್ರತ ಹಿಡಿದ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಅಷ್ಟು ಹೊತ್ತಿನ ಗದ್ದಲ ಒಂದು ಮಾತಿಗೆ ಅಡಗುತ್ತದೆ. ಒಂದು ಮಾತಿಗೆ ಮೌನ ಹಿಡಿಯಬಲ್ಲ ಜನ ಇವರು. ದೇವರ ನೆಲದಲ್ಲಿ ಕೆಲವು ದಿನ ಲೋಟವನ್ನು ಕೆಳಗಿಡಿರೆಂದು ಮನಮುಟ್ಟುವಂತೆ ಹೇಳಿದರೆ ಅವರು ಕೇಳಲಾರರೆನ್ನುವುದು ಜನರ ಮೇಲೆ ಹೊರಿಸುವ ಅಪವಾದ.

ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವಿರುವ ಹುತಾತ್ಮರ ಸ್ಮಾರಕವುಂಟು. ಪಾನನಿರೋಧವನ್ನು ಜೀವನವಿಡೀ ಸಾರಿದವರ ಬೂದಿಯನ್ನು ಕಾಪಿಟ್ಟುಕೊಂಡ ಸೀಮೆಯಿದು. ಅಕ್ಕಿಯನ್ನೂ ಅಳೆದು ಅಟ್ಟ ಲಕ್ಕಮ್ಮನ ಕಥೆಯನ್ನು ಪುರಾಣದ ಕಟ್ಟೆಯಲ್ಲಿ ಕೇಳಿ ತಲೆದೂಗುವ ಸೀಮೆಯೂ ಹೌದು. ತಲೆದೂಗಿದರೆ ಸಾಲದು. ಮುಂದಿನ ಮಾಘದಲ್ಲಿ ತೇರಿನ ಗಾಲಿ ಉರುಳುವಾಗ ಅಜ್ಜನ ಹೆಗಲ ಮೇಲೆ ಕುಳಿತ ಮಗು ಕಳಸವನ್ನು ನೋಡಬೇಕು. ತನ್ನ ತಂದೆ ಎಲ್ಲಿ ಬಿದ್ದಿರುವನೆಂದು ಜನಸಂದಣಿಯಲ್ಲಿ ಹುಡುಕುವಂತಾಗಬಾರದು.