ಕಂಕುಳಲ್ಲಿ ಕೂಸು

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರೆಂಬ ಗಾದೆಯನ್ನು ವಾಚಕರು ಬಲ್ಲರು. ಈ ಸಲ ಅದು ನಮ್ಮ ಪಾಲಿಗೇ ಬಂದಿತು.

ನಮ್ಮ ತೀರ್ಥರೂಪರು ತುಂಗೆಯ ದಡದಲ್ಲಿ ಕಳೆದ ತಮ್ಮ ಬಾಲ್ಯವನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದರು. 2003ರಲ್ಲಿ ಅದನ್ನು ನಾವೇ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದೆವು. ಮುಂಬಯಿಯಲ್ಲಿ ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ನೋಟುಬುಕ್ಕು ಕಳೆಯಿತು, ತೀರ್ಥರೂಪರೂ ಈಗಿಲ್ಲ. ಅವರ ವರ್ಷಾಬ್ದಿಕದ ದಿನ ಮೊಮ್ಮಕ್ಕಳಿಗೆ ಓದಿ ಹೇಳೋಣವೆಂದರೆ, ಕಡತಕ್ಕೆ ಏನು ಹೆಸರಿಟ್ಟಿದ್ದೆವೋ ನೆನಪಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ‘ತುಂಗೆ’ ಎಂದು ಬರೆದೆವು. ಏನೂ ಇಲ್ಲವೆಂದಿತು!

ಈ ಹುಡುಕು ತಂತ್ರಾಂಶದ ರೀತಿ ಸರಳವಾದುದು. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುವುದಷ್ಟೆ? ಹಾಗೆಯೇ, ಯಂತ್ರಕ್ಕೆ ಬಿಡುವಿರುವಾಗ ಇದು ನಮ್ಮ ಕಡತಗಳನ್ನು ಓದಿ, ಯಾವ ಪದ ಎಲ್ಲಿದೆಯೆಂದು ಪಟ್ಟಿ ಮಾಡಿಟ್ಟುಕೊಳ್ಳುತ್ತದೆ. ಕೇಳಿದಾಗ ಪಟ್ಟಿಯನ್ನಷ್ಟೇ ನೋಡಿ ಕ್ಷಣದಲ್ಲಿ ಉತ್ತರ ಕೊಡುತ್ತದೆ. ಗೂಗಲ್ ಸಂಸ್ಥೆ 2004ರಲ್ಲಿ ಇಂಥದೊಂದನ್ನು ಹೊರತಂದು 2011ರಲ್ಲಿ ನಿಲ್ಲಿಸಿತು. ಮ್ಯಾಕ್ ಯಂತ್ರಗಳಲ್ಲಿ 2005ರಿಂದ ಸ್ಪಾಟ್‌ಲೈಟ್ ಇದೆ. ವಿಂಡೋಸ್‌ನಲ್ಲಿಯೂ ಈ ಸೌಕರ್ಯ ಒಳಗೇ ಇದೆ.

ಹಾಗಾದರೆ ನಮ್ಮ ತುಂಗೆ ಎಲ್ಲಿ ಹೋದಳು? ನಮ್ಮ ಸೊಸೆ, “ಮಾವ, ಪದ ಬಿಡಿ, ಇಸವಿ ಕೊಟ್ಟು ಹುಡುಕಿ” ಎಂದಳು. 2003ರ ಕಡತಗಳು ಸಾಲಾಗಿ ಬಂದವು. ಒಂದನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದೇ ನಮ್ಮ ಕಡತ!

ಅಂದಿನ ಹಲವು ಕನ್ನಡ ಲಿಪಿಗಳಲ್ಲಿ, ಯಂತ್ರದೊಳಗೆ ಉಳಿಯುತ್ತಿದ್ದುದು ರೋಮನ್ ಸಂಕೇತಗಳೇ; ಕನ್ನಡವೆಂಬುದು ಯಕ್ಷಗಾನದ ವೇಷದಂತೆ ಮೇಲಿನ ಬಣ್ಣ ಮಾತ್ರ. ಯೂನಿಕೋಡ್ ಪದ್ಧತಿಯಲ್ಲಾದರೋ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ವಂತ ಸಂಕೇತಗಳಿವೆ. ಇಂದು ನಾವು ಬರೆಯುವ ‘ತುಂಗೆ’ ಯೂನಿಕೋಡಿನದು, ಕಡತದ ‘ತುಂಗೆ’ ವೇಷದ್ದು. ಎರಡಕ್ಕೂ ಪರಿಚಯವೆಲ್ಲಿಂದ ಬರಬೇಕು?

ಆದುದರಿಂದ ವಾಚಕರಲ್ಲಿ ನಮ್ಮ ವಿನಂತಿಯಿಷ್ಟೆ. ಹಳೆಯ ಕನ್ನಡ ಕಡತಗಳಿದ್ದರೆ ಮೂಲವನ್ನು ಕಾಪಾಡಿಕೊಂಡು, ಅದರ ಪ್ರತಿಯೊಂದನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತನ್ನಿರಿ. ಒತ್ತಕ್ಷರಗಳನ್ನು ಒಮ್ಮೆ ಓದಿ ತಿದ್ದಿರಿ. ಕಡತದ ಹೆಸರಿನಲ್ಲಿ ಬರೆದವರ ಹೆಸರೂ ಇಸವಿಯೂ ಇರಲಿ. ಚಿತ್ರವಾಗಿ ತೆಗೆದಿಟ್ಟ ಪತ್ರಗಳೊಳಗಿನ ಅಕ್ಷರವನ್ನು ಯಂತ್ರವು ಓದುವುದೆಂದು ನಂಬಿ ಕೂರಬೇಡಿರಿ. ಅವುಗಳಿಗೂ ತಕ್ಕ ಹೆಸರು ಕೊಡಿರಿ. “ಇಲ್ಲ” ಎಂಬ ಉತ್ತರ ಬಂದಿತೆಂದು ಹಳೆಯ ಯಂತ್ರವನ್ನು ಗುಜರಿಗೆ ಹಾಕದಿರಿ.

ವರ್ಷಾಬ್ದಿಕದ ಸಂಜೆ ಮೊಮ್ಮಗಳು ತಾನೇ ‘ತುಂಗೆ’ ಎಂದು ಬರೆದಳು. ಅಜ್ಜನ ಬರಹ ಕೂಡಲೇ ಬಂದಿತು. ಕನ್ನಡ ಓದಲು ತಡವರಿಸುವ ಹುಡುಗಿ, ಮೊದಲ ಪುಟವನ್ನು ಪೂರ್ತಿ ಓದಿದಳು.