ಹೊರಗೆ ಹೋಗುವ ಹಣಕ್ಕೆ ದಾರಿ ಹೇಳುವವರಿಲ್ಲ!

ಬ್ಯಾಂಕುಗಳ ತವರು ಎಂದು ಎದೆಯುಬ್ಬಿಸಿ ಹೇಳಿಕೊಳ್ಳುವ ಸೀಮೆ ಇದು. 1906ರಲ್ಲಿ ಕಾರ್ಪೊರೇಶನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಉಡುಪಿಯಲ್ಲೇ ಕಣ್ಣು ಬಿಟ್ಟವು. ಮಂಗಳೂರಿನಲ್ಲಿ ಕೆನರಾ, ಕರ್ಣಾಟಕ, ವಿಜಯಾ. ಕೂಲಿಯವರ ಕೈಯಿಂದಲೂ ದಿನಕ್ಕೆರಡಾಣೆ ಪಿಗ್ಮಿ ಕಟ್ಟಿಸಿಕೊಂಡು ಬೆಳೆದ ಊರು. 2019ರಲ್ಲಿ ವಿಜಯಾ ಬ್ಯಾಂಕು ಬರೋಡಾದ ಪಾಲಾಯಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದವು. ಹೆಸರು ಹೋಯಿತು, ಕಟ್ಟಡ ಉಳಿಯಿತು. ಅದಿರಲಿ.

ಇಷ್ಟೊಂದು ಬ್ಯಾಂಕು ಹೆತ್ತ ಊರಿನಲ್ಲಿ ಒಬ್ಬ ಅಂಗಡಿಯವ ತನ್ನ ಖಾತೆಯಿಂದ ಜರ್ಮನಿಯಲ್ಲಿರುವ ಮಗನ ಖಾತೆಗೆ ಹಣ ಕಳಿಸಬೇಕೆಂದರೆ ಏನು ಪಾಡು, ಯಾರಾದರೂ ಕೇಳಿದ್ದಾರೆಯೇ?

ಒಂದು ಕಾಲದಲ್ಲಿ ಈ ಕಡೆಯವರಿಗೆ ಗೊತ್ತಿದ್ದದ್ದು ಬರುವ ಹಣ ಮಾತ್ರ. ದುಬಾಯಿಯಿಂದ, ಕುವೈತಿನಿಂದ ಲಕೋಟೆಯೊಳಗೆ ಡ್ರಾಫ್ಟು ಬರುತ್ತಿತ್ತು. ಬ್ಯಾಂಕಿನವರು ಕುರ್ಚಿ ಕೊಟ್ಟು ಕೂರಿಸಿ ‘ಚಾ ಕುಡೀರಿ’ ಎನ್ನುತ್ತಿದ್ದರು. ಹಣ ಹೊರಗೆ ಹೋಗುವ ಮಾತೇ ಬೇರೆ. 1974ರಲ್ಲಿ ಜಾರಿಗೆ ಬಂದ ಫೆರಾ ಕಾನೂನಿನಡಿ ಡಾಲರು ಕೇಳಿದವನೇ ಅರ್ಧ ಕಳ್ಳ. 2000ದ ಜೂನ್ 1ರಿಂದ ಅದರ ಜಾಗಕ್ಕೆ ಫೆಮಾ ಬಂತು. 2004ರಲ್ಲಿ ರಿಸರ್ವ್ ಬ್ಯಾಂಕು ‘ವರ್ಷಕ್ಕೆ ಇಪ್ಪತ್ತೈದು ಸಾವಿರ ಡಾಲರ್ ತನಕ ಯಾರು ಬೇಕಾದರೂ ಕಳಿಸಬಹುದು’ ಎಂದು ಬಾಗಿಲು ತೆರೆಯಿತು. ಆಮೇಲೆ ಏರಿತು, 2013ರಲ್ಲಿ ರೂಪಾಯಿ ಕುಸಿದಾಗ ಇಳಿಯಿತು, 2015ರಲ್ಲಿ ಎರಡೂವರೆ ಲಕ್ಷ ಡಾಲರಿಗೆ ಬಂದು ನಿಂತಿತು.

ಎರಡೂವರೆ ಲಕ್ಷ ಡಾಲರ್! ಸ್ಟೇಷನರಿ ಅಂಗಡಿಯವನಿಗೆ ಆ ಮಿತಿ ಕಟ್ಟಿಕೊಂಡು ಏನಾಗಬೇಕು? ಅವನಿಗೆ ಬೇಕಾದದ್ದು 11,904 ಯೂರೋ. ಓದಲು ಬರುವ ಹುಡುಗ ಒಂದು ವರ್ಷದ ಊಟ, ಬಾಡಿಗೆಗೆ ಇಷ್ಟು ಹಣವನ್ನು ಮೊದಲೇ ತನ್ನ ಹೆಸರಿನ ಖಾತೆಯಲ್ಲಿ ಕಟ್ಟಿಡಬೇಕು ಎಂದು ಜರ್ಮನಿಯವರು 2024ರ ಸೆಪ್ಟೆಂಬರಿನಿಂದ ಗೊತ್ತುಮಾಡಿದ ಮೊತ್ತ ಅದು. ಅದಕ್ಕೆ ಬ್ಲಾಕ್ಡ್ ಅಕೌಂಟ್ ಎಂದು ಹೆಸರು. ಹಣ ಅವನದ್ದೇ, ಆದರೆ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಸಿಗುತ್ತದೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಹಾಗಾಗಿ ಮಧ್ಯಮ ವರ್ಗದ ಮಕ್ಕಳಿಗೂ ಜರ್ಮನಿಯ ಕನಸು ಬೀಳುತ್ತಿದೆ. ಒಳ್ಳೆಯದೇ.

ಕನಸಿನ ಲೆಕ್ಕ ಹಾಕೋಣ. ಯೂರೋಗೆ ದುಂಡಗೆ ನೂರು ರೂಪಾಯಿ ಹಿಡಿದರೆ 11 ಲಕ್ಷದ 90 ಸಾವಿರದ 400 ರೂಪಾಯಿ. ಹಳ್ಳಿಯ ಶಾಖೆಗೆ ಹೋದರೆ ‘ಇದು ಇಲ್ಲಿ ಆಗೂದಿಲ್ಲ, ಪೇಟೆ ಬ್ರಾಂಚಿಗೆ ಹೋಗಿ’ ಅಂತಾರೆ. ಹೆಬ್ರಿಯವನು ಬಸ್ಸು ಹತ್ತಿ ಉಡುಪಿಗೆ ಬಂದರೆ, ‘ಫಾರೆಕ್ಸ್ ನೋಡುವವರು ಇವತ್ತು ರಜೆ, ನಾಳೆ ಬನ್ನಿ’. ನಾಳೆ ಬಂದರೆ ಎ2 ಫಾರ್ಮು, ಪಾನ್ ಕಾರ್ಡು, ಪ್ರವೇಶ ಪತ್ರ, ಪಾಸ್‌ಪೋರ್ಟಿನ ನಕಲು. ಇವೆಲ್ಲ ಬೇಕು ಸರಿ, ಕಾನೂನು. ಆದರೆ ನಿನ್ನೆಯೇ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಬ್ಯಾಂಕಿನ ಗಂಟೇನು ಹೋಗುತ್ತಿತ್ತು? ಎರಡು ದಿನ ಅಂಗಡಿಯ ಶಟರ್ ಎಳೆದವನ ವ್ಯಾಪಾರ ಯಾರು ತುಂಬಿಕೊಡುತ್ತಾರೆ?

ಫಾರ್ಮಿನಲ್ಲಿ ಉದ್ದೇಶದ ಕೋಡ್ ಎಂಬ ಒಂದು ಚೌಕವಿದೆ. ನೋಡಲು ಚಿಕ್ಕದು, ಕಚ್ಚುವುದು ಜೋರು. ವಿದ್ಯಾಭ್ಯಾಸಕ್ಕೆ ಎಸ್0305. ಸಂಬಂಧಿಕರ ಪೋಷಣೆಗೆ, ಉಡುಗೊರೆಗೆ ಬೇರೆ ಕೋಡು. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಮಾತ್ರ ಟಿಸಿಎಸ್ ತೆರಿಗೆ ಹಿಡಿಯಬೇಕೆಂದಾಯಿತು. ಆ ವರ್ಷದ ಲೆಕ್ಕದಲ್ಲಿ ಸ್ವಂತ ಉಳಿತಾಯದಿಂದ ಓದಿಗೆ ಕಳಿಸಿದರೆ ಶೇಕಡಾ 5, ಅಂದರೆ ಈ ಅಂಗಡಿಯವನಿಗೆ 9,520 ರೂಪಾಯಿ. ಅದೇ ಹಣಕ್ಕೆ ‘ಪೋಷಣೆ’ ಎಂಬ ಕೋಡ್ ಬಿದ್ದರೆ ಶೇಕಡಾ 20, ಅಂದರೆ 38,080! ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋದ ಹಣಕ್ಕೆ ಏನೂ ಇಲ್ಲ. ಒಂದು ಚೌಕದಲ್ಲಿ ಗುಮಾಸ್ತನ ಪೆನ್ನು ಜಾರಿದರೆ ಇಪ್ಪತ್ತೆಂಟು ಸಾವಿರದ ವ್ಯತ್ಯಾಸ. ಬಜೆಟ್ಟಿಗೊಮ್ಮೆ ಈ ದರಗಳು ಕುಣಿಯುತ್ತವೆ, ಆದ್ದರಿಂದ ಕಳಿಸುವ ದಿನದ ದರ ಎಷ್ಟೆಂದು ಕೇಳಿಯೇ ಸಹಿ ಹಾಕಬೇಕು.

ಟಿಸಿಎಸ್ ಹಿಡಿದ ಹಣ ಮುಳುಗಿಹೋಗುವುದಿಲ್ಲ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ಕಟ್ಟಬೇಕಾದ ತೆರಿಗೆಗೆ ವಜಾ ಆಗುತ್ತದೆ, ಹೆಚ್ಚಿದ್ದರೆ ವಾಪಸು ಬರುತ್ತದೆ. ಆದರೆ ರಿಟರ್ನೇ ಹಾಕದ ಸಣ್ಣ ವ್ಯಾಪಾರಿಗಳಿಗೆ ಇದನ್ನು ಹೇಳುವವರು ಯಾರು? ‘ಸರ್ಕಾರ ತಗೊಂಡಿತು ಮಾರಾಯ್ರೆ’ ಎಂದು ಕೈತೊಳೆದುಕೊಳ್ಳುವವರೇ ಬಹಳ.

ಇನ್ನೊಂದು ದಾರಿಯೂ ಇದೆ. ಹತ್ತು ಲಕ್ಷದ ಲೆಕ್ಕ ಒಬ್ಬೊಬ್ಬರಿಗೆ ಒಂದೊಂದು. ಹೆಂಡತಿಗೆ ಸ್ವಂತ ಖಾತೆ, ಸ್ವಂತ ಪಾನ್ ಇದ್ದರೆ ಗಂಡ ಅರ್ಧ, ಹೆಂಡತಿ ಅರ್ಧ ಕಳಿಸಬಹುದು, ಟಿಸಿಎಸ್ ಬೀಳುವುದೇ ಇಲ್ಲ. ಜಿಎಸ್‌ಟಿ ಇನ್ನೂರು ಚಿಲ್ಲರೆ ಜಾಸ್ತಿಯಾದೀತು, ಕಳಿಸುವ ಚಾರ್ಜು ಎರಡು ಸಲ ಬಿದ್ದೀತು. ಎರಡು ಕಂತಿನಲ್ಲಿ ಬಂದರೆ ಒಪ್ಪುತ್ತೀರಾ ಎಂದು ಅಲ್ಲಿ ಖಾತೆ ತೆರೆದುಕೊಟ್ಟವರನ್ನು ಮೊದಲು ಕೇಳಿಕೊಳ್ಳಬೇಕು. ಕಳ್ಳದಾರಿಯಲ್ಲ, ಕಾನೂನೇ ಕೊಟ್ಟ ದಾರಿ.

ಇಷ್ಟೆಲ್ಲ ಸರ್ಕಾರದ ಪಾಲಾಯಿತು. ಸರ್ಕಾರದ ಪಾಲು ರಸೀದಿಯಲ್ಲಾದರೂ ಕಾಣುತ್ತದೆ. ಕಾಣದೆ ಕಚ್ಚುವುದು ಬ್ಯಾಂಕಿನ ಪಾಲು!

ಮೊಬೈಲಿನಲ್ಲಿ ನೋಡಿದರೆ ಯೂರೋ ನೂರು ರೂಪಾಯಿ ಅನ್ನೋಣ. ಬ್ಯಾಂಕು ಮಾರುವ ದರ ಅದಲ್ಲ. ಮೇಲೆ ಒಂದೂವರೆ ರೂಪಾಯಿ ಸೇರಿಸಿಕೊಂಡಿತು ಅಂತಿಟ್ಟುಕೊಳ್ಳಿ. 11,904ಕ್ಕೆ ಗುಣಿಸಿ ನೋಡಿ: 17,856 ರೂಪಾಯಿ. ‘ಚಾರ್ಜು ಬರೀ ಐನೂರು’ ಎಂದು ಕೌಂಟರಿನಲ್ಲಿ ಹೇಳಿದ್ದು ಸುಳ್ಳಲ್ಲ, ಚಾರ್ಜು ಐನೂರೇ. ಹದಿನೇಳು ಸಾವಿರ ದರದೊಳಗೆ ಅಡಗಿ ಕೂತಿದೆ. ತೂಕದಲ್ಲಿ ಐವತ್ತು ಗ್ರಾಂ ಕಡಿಮೆಯಾದರೆ ಅಂಗಡಿಯವನ ಮೇಲೆ ಕೇಸು ಬೀಳುತ್ತದೆ. ಬೆಲೆ ಮುದ್ರಿಸದ ಪೊಟ್ಟಣ ಮಾರಿದರೆ ದಂಡ. ಬ್ಯಾಂಕಿಗೆ ಮಾತ್ರ ಆ ತಕ್ಕಡಿ ಬೇಡವೇ? ಈ ದರದ ಮೇಲೆ ಚೌಕಾಸಿ ಮಾಡಲೂಬಹುದು ಎಂಬುದು ದೊಡ್ಡ ರಫ್ತುದಾರರಿಗೆ ಗೊತ್ತು. ಜೀರಿಗೆ ಬೆಲೆಗೆ ಅರ್ಧ ಗಂಟೆ ಚೌಕಾಸಿ ಮಾಡುವ ಅಂಗಡಿಯವ ಇಲ್ಲಿ ಬಾಯಿ ಮುಚ್ಚಿ ಸಹಿ ಹಾಕುತ್ತಾನೆ.

ಅಷ್ಟಕ್ಕೂ ಮುಗಿಯಲಿಲ್ಲ. ಹಣ ನೇರ ಜರ್ಮನಿಗೆ ಹಾರುವುದಿಲ್ಲ. ಸ್ವಿಫ್ಟ್ ಸಂದೇಶದ ಮೂಲಕ ನಡುವಿನ ಒಂದೆರಡು ಬ್ಯಾಂಕು ದಾಟಿ ಹೋಗುತ್ತದೆ. ದಾಟಿಸಿದವರು ದೋಣಿ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಫಾರ್ಮಿನಲ್ಲಿ ‘ಎಲ್ಲಾ ಖರ್ಚು ಕಳಿಸುವವನದ್ದು’ ಎಂದು ಗುರುತು ಹಾಕದಿದ್ದರೆ ಅಲ್ಲಿ ತಲುಪುವಾಗ ಹದಿನೈದೋ ಇಪ್ಪತ್ತೋ ಯೂರೋ ಕಮ್ಮಿ. ಬಾಕಿ ಖಾತೆಗಾದರೆ ಚಿಂತೆಯಿಲ್ಲ. ಬ್ಲಾಕ್ಡ್ ಅಕೌಂಟಿಗೆ ಪೂರ್ತಿ ಮೊತ್ತ ಬೀಳದಿದ್ದರೆ ದೃಢೀಕರಣ ಪತ್ರ ಸಿಗುವುದಿಲ್ಲ, ಆ ಪತ್ರವಿಲ್ಲದೆ ವೀಸಾ ಅರ್ಜಿ ಮುಂದೆ ಹೋಗುವುದಿಲ್ಲ. ಇಪ್ಪತ್ತು ಯೂರೋ ಕಳಿಸಲು ಮತ್ತೆ ಅದೇ ಬಸ್ಸು, ಅದೇ ಫಾರ್ಮು, ಅದೇ ಚಾರ್ಜು. ಅಷ್ಟರಲ್ಲಿ ಸೆಮಿಸ್ಟರ್ ಶುರುವಾದರೆ ಹುಡುಗನ ಆರು ತಿಂಗಳು ಹೋದಂತೆಯೇ.

ಈ ಗೋಳು ಕಂಡು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಿವಿಯಲ್ಲಿ ಪಿಸುಗುಟ್ಟುವವರು ಹುಟ್ಟಿಕೊಳ್ಳುತ್ತಾರೆ. ‘ನೀವು ಇಲ್ಲಿ ರೂಪಾಯಿ ಕೊಡಿ, ಅಲ್ಲಿ ನಮ್ಮ ಜನ ಯೂರೋ ಕೊಡ್ತಾರೆ. ಫಾರ್ಮಿಲ್ಲ, ಟ್ಯಾಕ್ಸಿಲ್ಲ.’ ಕರಾವಳಿಗೆ ಇದು ಹೊಸ ಮಾತೇನೂ ಅಲ್ಲ. ಹೆಸರು ಹುಂಡಿ ಎನ್ನಿ, ಹವಾಲಾ ಎನ್ನಿ. ಸಿಕ್ಕಿಬಿದ್ದರೆ ಫೆಮಾದ 13ನೇ ಕಲಮಿನ ಪ್ರಕಾರ ಕಳಿಸಿದ ಹಣದ ಮೂರು ಪಟ್ಟಿನವರೆಗೆ ದಂಡ. ಹನ್ನೆರಡು ಲಕ್ಷಕ್ಕೆ ಮೂವತ್ತಾರು ಲಕ್ಷ! ಅಂಗಡಿ, ಮನೆ, ಹೆಂಡತಿಯ ಕರಿಮಣಿ ಸೇರಿಸಿದರೂ ಸಾಲದು. ಮೇಲಾಗಿ ‘ಈ ಹಣ ಎಲ್ಲಿಂದ ಬಂತು’ ಎಂದು ಅಲ್ಲಿ ಹುಡುಗನನ್ನು ಕೇಳಿದರೆ ತೋರಿಸಲು ಒಂದು ಕಾಗದವೂ ಇರುವುದಿಲ್ಲ. ಪಿಸುಮಾತಿನವರು ತಪ್ಪಿತಸ್ಥರು, ಒಪ್ಪೋಣ. ಅವರ ಬಳಿಗೆ ಗಿರಾಕಿಯನ್ನು ಅಟ್ಟಿದವರು ಯಾರು, ಅದನ್ನೂ ಕೇಳಬೇಕಲ್ಲ?

ಜಿಲ್ಲೆಯ ಬ್ಯಾಂಕು ಅಧಿಕಾರಿಗಳ ಸಭೆ ಆಗಾಗ ನಡೆಯುತ್ತಲೇ ಇರುತ್ತದೆ. ಸಾಲದ ಗುರಿ, ಠೇವಣಿಯ ಗುರಿ, ವಿಮೆಯ ಗುರಿ ಎಲ್ಲಾ ಚರ್ಚೆಯಾಗುತ್ತದೆ. ಈ ವಿಷಯವೂ ಒಮ್ಮೆ ಬರಲಿ. ತಾಲೂಕು ಕೇಂದ್ರದ ಒಂದು ಶಾಖೆಯಲ್ಲಾದರೂ ವಾರಕ್ಕೆರಡು ನಿಗದಿತ ದಿನ ವಿದೇಶಿ ವ್ಯವಹಾರ ಬಲ್ಲ ಒಬ್ಬರು ಕುರ್ಚಿಯಲ್ಲಿ ಸಿಗಲಿ. ಬೇಕಾದ ಕಾಗದಗಳ ಪಟ್ಟಿ ಕನ್ನಡದಲ್ಲಿ ಅಚ್ಚಾಗಲಿ. ಸಹಿ ಹಾಕುವ ಮೊದಲು ಒಂದು ಚೀಟಿ ಕೊಡಲಿ: ಇವತ್ತಿನ ಮಾರುಕಟ್ಟೆ ದರ ಇಷ್ಟು, ನಮ್ಮ ದರ ಇಷ್ಟು, ಚಾರ್ಜು ಇಷ್ಟು, ತೆರಿಗೆ ಇಷ್ಟು, ಅಲ್ಲಿ ತಲುಪುವುದು ಇಷ್ಟು.

ಹಾಗೆಯೇ ಡಾಲರ್, ಯೂರೋ, ಪೌಂಡಿನ ಆ ದಿನದ ಮಾರಾಟದ ದರ ಬರೆಯುವ ಒಂದು ಕರಿಹಲಗೆ. ‘ಗೋಡೆಯಲ್ಲಿ ಜಾಗ ಎಲ್ಲುಂಟು ಸ್ವಾಮೀ’ ಎನ್ನುವ ಮೇನೇಜರುಗಳು ಗಡಿಯಾರದ ಕೆಳಗೆ ಅಂಟಿಸಿದ ಚಿನ್ನದ ಸಾಲದ ಪೋಸ್ಟರನ್ನು ಎರಡಡಿ ಪಕ್ಕಕ್ಕೆ ಸರಿಸಿ ನೋಡಲಿ.