ಪುಟವೋ, ಪರದೆಯೋ?

ಮಕ್ಕಳ ಕೈಗೆ ಟ್ಯಾಬ್ಲೆಟ್ ಕೊಡುವುದರಲ್ಲಿ ಬಹಳ ಮುಂದೆ ಸಾಗಿದ್ದ ಸ್ವೀಡನ್ ದೇಶವು ೨೦೨೩ರಲ್ಲಿ ಹೆಜ್ಜೆಯನ್ನು ಹಿಂದಕ್ಕಿಟ್ಟು, ಶಾಲೆಗಳಿಗೆ ಅಚ್ಚಿನ ಪುಸ್ತಕ ಕೊಳ್ಳಲೆಂದು ಆ ಒಂದೇ ವರ್ಷ ೬೮.೫ ಕೋಟಿ ಕ್ರೋನರ್ ಎತ್ತಿಟ್ಟಿತು. ನಾಲ್ಕನೆಯ ತರಗತಿಯ ಮಕ್ಕಳ ವಾಚನಶಕ್ತಿಯನ್ನು ಅಳೆಯುವ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಅದರ ಸರಾಸರಿ ಅಂಕ ೨೦೧೬ರ ೫೫೫ರಿಂದ ೨೦೨೧ರಲ್ಲಿ ೫೪೪ಕ್ಕೆ ಇಳಿದಿತ್ತು. ಈ ಇಳಿತಕ್ಕೆ ಪರದೆಯೊಂದೇ ಕಾರಣವೆನ್ನುವುದು ಆತುರದ ಮಾತಾದೀತು. ಇಳಿದ ಮೇಲೂ ಆ ಮಕ್ಕಳು ಅನೇಕ ದೇಶಗಳವರಿಗಿಂತ ಮುಂದೆಯೇ ಇದ್ದರು.

ಆದರೆ ಪರದೆಯ ಮೇಲಿನ ಓದು ಮನಸ್ಸಿನಲ್ಲಿ ಆಳಕ್ಕಿಳಿಯದೆಂಬ ಶಂಕೆಗೆ ಬೇರೆ ಆಧಾರವುಂಟು. ೫೪ ಅಧ್ಯಯನಗಳನ್ನು ಒಟ್ಟುಗೂಡಿಸಿ, ೧,೭೦,೦೦೦ಕ್ಕೂ ಮಿಕ್ಕ ಓದುಗರ ಫಲಿತಾಂಶವನ್ನು ತೂಗಿನೋಡಿದ ಸಂಶೋಧನೆಯೊಂದು ೨೦೧೮ರಲ್ಲಿ ಪ್ರಕಟವಾಯಿತು. ಕಥೆಯನ್ನು ಎಲ್ಲಿ ಓದಿದರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ವಿಷಯಪ್ರಧಾನವಾದ ಪಾಠವನ್ನು, ಅದರಲ್ಲಿಯೂ ನಿಗದಿಯಾದ ವೇಳೆಯೊಳಗೆ ಓದಬೇಕಾದಾಗ, ಕಾಗದದ ಮೇಲೆ ಓದಿದವರೇ ಚೆನ್ನಾಗಿ ಗ್ರಹಿಸಿದ್ದರು. ಹೊಸ ಪೀಳಿಗೆಗೆ ಪರದೆ ರೂಢಿಯಾದಂತೆ ಈ ಅಂತರ ತಾನಾಗಿಯೇ ಕರಗುವುದೆಂದು ನಂಬಿದವರಿಗೆ ಅದು ಇನ್ನೊಂದು ಸಂಗತಿಯನ್ನೂ ತಿಳಿಸಿತು: ೨೦೦೦ದಿಂದ ೨೦೧೭ರವರೆಗಿನ ಅಧ್ಯಯನಗಳಲ್ಲಿ ಆ ಅಂತರ ಹಿಗ್ಗುತ್ತಲೇ ಬಂದಿತ್ತು. ಪಠ್ಯಪುಸ್ತಕವೆಂಬುದು ಕಥೆಯಲ್ಲವಷ್ಟೆ!

ಹಾಗೆಂದು ಡಿಜಿಟಲ್ ಪುಸ್ತಕವನ್ನು ಹಳಿಯುವುದು ಸಲ್ಲದು. ೧೮೯೪ರಲ್ಲಿ ಅಚ್ಚಾದ ಕಿಟೆಲರ ನಿಘಂಟು ಕಾಲೇಜಿನ ಬೀರುವಿನಲ್ಲಿ ಬೀಗದೊಳಗೆ ಇರುತ್ತಿದ್ದ ಕಾಲವೊಂದಿತ್ತು. ಈಗ ಹಳ್ಳಿಯ ವಿದ್ಯಾರ್ಥಿಯೂ ಅದನ್ನು ಫೋನಿನಲ್ಲಿ ತೆರೆಯಬಲ್ಲ. ಅಂಧ ವಿದ್ಯಾರ್ಥಿಗೆ ಪಾಠವನ್ನು ಓದಿ ಹೇಳುವ ಸಾಮರ್ಥ್ಯ ಅಚ್ಚಿನ ಹಾಳೆಗೆ ಎಲ್ಲಿಂದ ಬರಬೇಕು?

ನನ್ನ ಆತಂಕ ಬೇರೆ. ನಮ್ಮ ರಾಜ್ಯದ ಪಠ್ಯಪುಸ್ತಕಗಳು ಪಿಡಿಎಫ್ ರೂಪದಲ್ಲಿ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಉಪಕಾರವೇ ಸರಿ. ಆದರೆ ಶಾಲೆ ತೆರೆದು ವಾರಗಳಾದರೂ ಪುಸ್ತಕ ಬಾರದಿದ್ದಾಗ, 'ಪಿಡಿಎಫ್ ಇದೆಯಲ್ಲ' ಎಂಬ ಸಮಾಧಾನದ ಮಾತು ಬಹು ಸಲೀಸಾಗಿ ಹೊರಡುತ್ತದೆ. ಅದು ಇರುವುದು ಯಾರಿಗೆ? ೨೦೨೦ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದ್ದನ್ನು ಕಂಡಿದ್ದೇವೆ. ಅನೇಕ ಮನೆಗಳಲ್ಲಿ ಇರುವುದು ಒಂದೇ ಸ್ಮಾರ್ಟ್‌ಫೋನು; ಅದು ಬೆಳಗಾಗುತ್ತಲೇ ತಂದೆಯ ಜೇಬನ್ನು ಸೇರಿ ಗಾರೆಕೆಲಸಕ್ಕೋ ಮಂಡಿಗೋ ಹೊರಟುಹೋಗುತ್ತದೆ; ರಾತ್ರಿ ಮರಳುವ ಹೊತ್ತಿಗೆ ಬ್ಯಾಟರಿಯೂ ಬರಿದು. ಸರ್ಕಾರದ ಲೆಕ್ಕದಲ್ಲಿ ಪುಸ್ತಕ ಉಚಿತವಾಗಿಯೇ ಉಳಿಯುತ್ತದೆ. ಅಚ್ಚಿನ ಖರ್ಚು ಮಾತ್ರ ತಾಯಿಯದಾಗುತ್ತದೆ. ಅವಳು ಜೆರಾಕ್ಸ್ ಅಂಗಡಿಯ ಮುಂದೆ ನಿಂತು, ಪುಟಕ್ಕಿಷ್ಟೆಂದು ಹಣ ತೆತ್ತು, ಸದ್ಯಕ್ಕೆ ಬೇಕಾದ ಎರಡು ಪಾಠಗಳ ಹಾಳೆಗಳನ್ನು ದಾರದಿಂದ ಹೊಲಿದು ಮಗಳ ಚೀಲಕ್ಕೆ ಹಾಕುತ್ತಾಳೆ.